ಐರನ್ ಮೇಡನ್‌ನ ‘ದ ಫಸ್ಟ್ ಟೆನ್ ಇಯರ್ಸ್’ ವಿನೈಲ್ ಸೆಟ್ ಕೊಳ್ಳುವುದು ಹೇಗೆ?

ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಗ್ಗೆ ಏನೇ ಬರೆದರೂ ಓದುಗರಿಂದ ತಿರುಗಿ ಬರುವ ಪ್ರಶ್ನೆ ಒಂದೇ. 1990ರ ಆ ಸಿಂಗಲ್ಸ್ (ಒಂದೆರಡು ಹಾಡಿನ ಸಣ್ಣ ರೆಕಾರ್ಡುಗಳ) ಬಾಕ್ಸ್ ಸೆಟ್ ಎಲ್ಲಿ ಸಿಗುತ್ತದೆ? ಸೆಟ್ ಪೂರ್ತಿ ಇದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಬೆಂಗಳೂರಿಗೆ ತರಿಸಿಕೊಳ್ಳಬಹುದಾ?

ಈ ಪ್ರಶ್ನೆ ಇಷ್ಟು ಜಾಸ್ತಿ ಯಾಕೆ ಬರುತ್ತದೆ ಅನ್ನುವುದು ಗೊತ್ತಿರುವುದೇ. 2007ರ ಮಾರ್ಚ್ 17ರಂದು ಈ ಬ್ಯಾಂಡು ಅರಮನೆ ಮೈದಾನದಲ್ಲಿ ನುಡಿಸಿತು. 2009ರ ಫೆಬ್ರವರಿ 15ರಂದು ಮತ್ತೆ ಅಲ್ಲೇ ನುಡಿಸಿತು. ಅಂದು ಕಪ್ಪು ಟೀ ಶರ್ಟ್ ಹಾಕಿಕೊಂಡು ಹೋಗಿದ್ದ ಕಾಲೇಜು ಹುಡುಗ ಹುಡುಗಿಯರಿಗೆ ಈಗ ಕೈಯಲ್ಲಿ ದುಡ್ಡಿದೆ. ಮನೆಯಲ್ಲಿ ಟರ್ನ್‌ಟೇಬಲ್ ಕೂಡ ಬಂದಿದೆ.

ಇಲ್ಲಿ ಹೇಳುವುದು 12 ಇಂಚಿನ ವಿನೈಲ್, ಅಂದರೆ ಟರ್ನ್‌ಟೇಬಲ್ ಮೇಲೆ ನುಡಿಸುವ ಡಿಸ್ಕುಗಳ ಸೆಟ್ ಬಗ್ಗೆ. ಹಂತ ಹಂತವಾಗಿ ಹೋಗೋಣ.

1. ಇದು ಎಂಥ ಸೆಟ್ ಅನ್ನುವುದನ್ನು ಮೊದಲು ತಿಳಿಯಿರಿ

ಎಲ್ಲರೂ ‘ಬಾಕ್ಸ್ ಸೆಟ್’ ಅನ್ನುತ್ತಾರೆ. ಆದರೆ ಇದು ಅಂಗಡಿಯಲ್ಲಿ ಪೆಟ್ಟಿಗೆಯಾಗಿ ಮಾರಾಟವಾದದ್ದಲ್ಲ. ಇಂಗ್ಲೆಂಡಿನ ಇಎಂಐ ರೆಕಾರ್ಡ್ ಕಂಪನಿ 1990ರ ಫೆಬ್ರವರಿ 24ರಿಂದ ಏಪ್ರಿಲ್ 28ರವರೆಗೆ ವಾರಕ್ಕೊಂದರಂತೆ ಹತ್ತು ಭಾಗಗಳನ್ನು ಹೊರತಂದಿತು. ಪ್ರತಿ ಭಾಗದಲ್ಲೂ 12 ಇಂಚಿನ ಎರಡು ಡಿಸ್ಕ್. ಬ್ಯಾಂಡಿನ ಹಳೆಯ ಎರಡು ಸಿಂಗಲ್‌ಗಳ ಹಾಡುಗಳೆಲ್ಲ ಬಿ ಸೈಡ್ ಸಮೇತ ಅದರಲ್ಲಿದ್ದವು. (ಬಿ ಸೈಡ್ ಅಂದರೆ ಸಿಂಗಲ್ಲಿನ ಹಿಂಬದಿಗೆ ಹಾಕುವ ಹಾಡು. ಆಲ್ಬಂನಲ್ಲಿ ಸಿಗದ ಹಾಡುಗಳು ಎಷ್ಟೋ ಸಲ ಇಲ್ಲೇ ಇರುತ್ತವೆ.) ಸಿಡಿಯಲ್ಲೂ ಇದೇ ಹತ್ತು ಭಾಗ ಬಂದವು.

ಹಾಗಾದರೆ ಪೆಟ್ಟಿಗೆ ಎಲ್ಲಿಂದ ಬಂತು? ಪ್ರತಿ ಭಾಗದ ಜೊತೆ ಒಂದು ವೋಚರ್ ಇತ್ತು. ಹತ್ತೂ ವೋಚರ್ ಕೂಡಿಸಿ ಕಳಿಸಿದವರಿಗೆ ಎಲ್ಲವನ್ನೂ ಇಡಲು ರಟ್ಟಿನ ಪೆಟ್ಟಿಗೆ ಸಿಗುತ್ತಿತ್ತು. ಎಂಬತ್ತರ ದಶಕದಲ್ಲಿ ನಮ್ಮಲ್ಲಿ ಮಕ್ಕಳು ಬಬಲ್ ಗಮ್ ಕಾಗದದ ‘ರನ್’ ಕೂಡಿಸಿ ಕ್ರಿಕೆಟ್ ಪುಸ್ತಕ ತರಿಸಿಕೊಳ್ಳುತ್ತಿದ್ದರಲ್ಲ, ಹಾಗೇ ಇದೂ.

ಈ ಒಂದು ಸಂಗತಿ ತಲೆಯಲ್ಲಿದ್ದರೆ ಅರ್ಧ ಮೋಸಗಳಿಂದ ಪಾರಾಗಬಹುದು. ಹತ್ತು ವಾರ ತಪ್ಪದೆ ಕೊಂಡು, ವೋಚರ್ ಕಳೆಯದೆ ಇಟ್ಟುಕೊಂಡು, ಅಂಚೆಗೆ ಹಾಕಿದವರ ಮನೆಗೆ ಮಾತ್ರ ಪೆಟ್ಟಿಗೆ ಹೋಯಿತು. ಒಂದೇ ಒಂದು ಭಾಗ ತಪ್ಪಿದವರಿಗೂ ಇಲ್ಲ. ಅದಕ್ಕೇ ಡಿಸ್ಕುಗಳಿಗಿಂತ ಖಾಲಿ ಪೆಟ್ಟಿಗೆ ಹುಡುಕುವುದೇ ಕಷ್ಟ.

ಹುಡುಕುವಾಗ ಎರಡು ಕಡೆ ಎಡವುತ್ತೀರಿ. ಒಂದು, ಸಿಡಿ ಸೆಟ್ಟಿಗೂ ಇದೇ ಹೆಸರು. ಇದಕ್ಕೆ ಕ್ಯಾಟಲಾಗ್ ನಂಬರ್ ನೋಡಬೇಕು, ಅಂದರೆ ಕಂಪನಿ ಪ್ರತಿ ರೆಕಾರ್ಡಿಗೂ ಕೊಡುವ ಗುರುತಿನ ಸಂಖ್ಯೆ. ವಿನೈಲಿಗೆ ಅದು ಐಆರ್‌ಎನ್ 1ರಿಂದ ಐಆರ್‌ಎನ್ 10. ಸಿಡಿಗೆ ಸಿಡಿಐಆರ್‌ಎನ್ 1ರಿಂದ 10. ಎರಡು, ಅದೇ 1990ರಲ್ಲಿ ಇದೇ ಹೆಸರಿನ ವಿಡಿಯೋ ಸಂಕಲನವೂ ಬಂತು. ತುಂಬಾ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಅದು ವಿಎಚ್‌ಎಸ್ ಕ್ಯಾಸೆಟ್ ಅಲ್ಲ ತಾನೇ ಅಂತ ನೋಡಿಕೊಳ್ಳಿ.

2. ‘ಪೂರ್ತಿ’ ಅಂದರೆ ನಿಮಗೆ ಏನು ಅಂತ ಮೊದಲೇ ತೀರ್ಮಾನಿಸಿ

ದುಡ್ಡು ತೆಗೆಯುವ ಮುಂಚೆ ಆಗಬೇಕಾದ ಕೆಲಸ ಇದು. ಬಹಳ ಜನ ಇದನ್ನು ಕೊನೆಗೆ ಮಾಡುತ್ತಾರೆ.

ಯೋಚನೆ ಮಾಡಿ. ವೋಚರ್ ಕಳಿಸಿದವನ ಹತ್ತಿರ ಪೆಟ್ಟಿಗೆ ಇರುತ್ತದೆ, ವೋಚರ್ ಇರುವುದಿಲ್ಲ. ಕಳಿಸದವನ ಹತ್ತಿರ ವೋಚರ್ ಇರುತ್ತದೆ, ಪೆಟ್ಟಿಗೆ ಇರುವುದಿಲ್ಲ. ಅಂದಮೇಲೆ ‘ಪೆಟ್ಟಿಗೆಯೂ ಇದೆ, ಹತ್ತು ವೋಚರೂ ಇವೆ, ಮೊದಲಿನಿಂದ ಒಬ್ಬರದೇ ಸೆಟ್’ ಎಂದು ಯಾರಾದರೂ ಹೇಳಿದರೆ ಒಂದು ಕ್ಷಣ ನಿಲ್ಲಿ. ಅವರು ಎರಡೆರಡು ಪ್ರತಿ ಕೊಂಡಿರಬಹುದು. ಇಲ್ಲವೇ ಬೇರೆ ಬೇರೆ ಕಡೆಯಿಂದ ಕೂಡಿಸಿರಬಹುದು. ಎರಡೂ ತಪ್ಪಲ್ಲ. ಆದರೆ ಹೇಗೆ ಕೂಡಿತು ಅಂತ ಕೇಳುವ ಹಕ್ಕು ನಿಮಗಿದೆ. ಕೂಡಿಸಿದ ಸೆಟ್ಟಾದರೆ ಒಂದೊಂದು ಭಾಗದ ಸ್ಥಿತಿ ಒಂದೊಂದು ತರ ಇರುತ್ತದೆ. ಎಲ್ಲದಕ್ಕೂ ಒಂದೇ ಗ್ರೇಡ್ (ಸ್ಥಿತಿ ಹೇಳುವ ಮಾತು, ವಿವರ ಮುಂದಿದೆ) ಹೇಳಿದ್ದರೆ ನಂಬಬೇಡಿ.

ನಿಮ್ಮ ಮುಂದೆ ಮೂರು ದಾರಿ ಇವೆ. ಹತ್ತು ಭಾಗಗಳು ಮಾತ್ರ ಸಾಕು ಅನ್ನುವುದು ಮೊದಲನೆಯದು. ಕೇಳುವ ಆಸೆ ಇರುವವರಿಗೆ ಇದೇ ಸರಿ, ಖರ್ಚೂ ಕಡಿಮೆ. ಹತ್ತು ಭಾಗ ಮತ್ತು ಪೆಟ್ಟಿಗೆ ಎರಡನೆಯದು. ಕಪಾಟಿನಲ್ಲಿ ಇಡಲು ಇದೇ ಚಂದ, ಮುಂದೆ ಮಾರುವುದೂ ಸುಲಭ. ಹತ್ತು ಭಾಗ, ಹತ್ತು ವೋಚರ್, ಪೆಟ್ಟಿಗೆ ಬೇಡ ಅನ್ನುವುದು ಮೂರನೆಯದು. ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೇ ಬೇಕು ಅನ್ನುವವರ ದಾರಿ ಅದು. ನನ್ನನ್ನು ಕೇಳಿದರೆ ಎರಡನೆಯದೇ ಸರಿ. ವೋಚರಿಗಾಗಿ ಜಾಸ್ತಿ ದುಡ್ಡು ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅದನ್ನು ಕಳಿಸಿಕೊಡಿ ಅಂತಲೇ ಕೊಟ್ಟಿದ್ದಲ್ಲವೇ?

3. ಹತ್ತು ಭಾಗಗಳ ಪಟ್ಟಿ ಕೈಯಲ್ಲಿರಲಿ

ಭಾಗಗಳ ಮೇಲೆ ರೋಮನ್ ಸಂಖ್ಯೆ ಇರುತ್ತದೆ. ಯಾವುದರಲ್ಲಿ ಏನಿದೆ ಅಂತ ಬರೆದಿಟ್ಟುಕೊಳ್ಳಿ.

ಭಾಗ 1: ರನ್ನಿಂಗ್ ಫ್ರೀ, ಸ್ಯಾಂಕ್ಚುಅರಿ
ಭಾಗ 2: ವಿಮೆನ್ ಇನ್ ಯೂನಿಫಾರ್ಮ್, ಟ್ವೈಲೈಟ್ ಝೋನ್
ಭಾಗ 3: ಪರ್ಗಟರಿ, ಮೇಡನ್ ಜಪಾನ್
ಭಾಗ 4: ರನ್ ಟು ದ ಹಿಲ್ಸ್, ದ ನಂಬರ್ ಆಫ್ ದ ಬೀಸ್ಟ್
ಭಾಗ 5: ಫ್ಲೈಟ್ ಆಫ್ ಇಕಾರಸ್, ದ ಟ್ರೂಪರ್
ಭಾಗ 6: ಟು ಮಿನಿಟ್ಸ್ ಟು ಮಿಡ್‌ನೈಟ್, ಏಸಸ್ ಹೈ
ಭಾಗ 7: ರನ್ನಿಂಗ್ ಫ್ರೀ (ಲೈವ್), ರನ್ ಟು ದ ಹಿಲ್ಸ್ (ಲೈವ್)
ಭಾಗ 8: ವೇಸ್ಟೆಡ್ ಇಯರ್ಸ್, ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್
ಭಾಗ 9: ಕ್ಯಾನ್ ಐ ಪ್ಲೇ ವಿತ್ ಮ್ಯಾಡ್ನೆಸ್, ದ ಈವಿಲ್ ದಟ್ ಮೆನ್ ಡು
ಭಾಗ 10: ದ ಕ್ಲೇರ್‌ವಾಯಂಟ್, ಇನ್ಫಿನಿಟ್ ಡ್ರೀಮ್ಸ್ (ಲೈವ್)

ಎಡವಟ್ಟಾಗುವುದು 7ನೇ ಭಾಗದಲ್ಲಿ. 1 ಮತ್ತು 4ರಲ್ಲಿ ಇರುವ ಹಾಡುಗಳೇ ಇಲ್ಲಿ 1985ರ ಲೈವ್ ರೂಪದಲ್ಲಿವೆ. ಹೆಸರು ಮಾತ್ರ ನೋಡಿ ‘ಇದು ನನ್ನ ಹತ್ತಿರ ಇದೆ’ ಅಂತ ಬಿಟ್ಟರೆ ಸೆಟ್ ಒಂಬತ್ತಕ್ಕೇ ನಿಲ್ಲುತ್ತದೆ. ಮಾರುವವರೂ ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಹಾಡಿನ ಹೆಸರಿನಿಂದಲ್ಲ, ಸಂಖ್ಯೆಯಿಂದ ಕೇಳಿ.

ಇನ್ನೊಂದು. ‘ಬ್ರಿಂಗ್ ಯುವರ್ ಡಾಟರ್ ಟು ದ ಸ್ಲಾಟರ್’ ಯಾಕಿಲ್ಲ ಅಂತ ಕೆಲವರು ಕೇಳುತ್ತಾರೆ. ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದ ಅವರ ಹಾಡು ಅದು. ಆದರೆ ಸಿಂಗಲ್ ಆಗಿ ಬಂದದ್ದು 1990ರ ಡಿಸೆಂಬರಿನಲ್ಲಿ, ಮೊದಲ ಸ್ಥಾನ ಸಿಕ್ಕಿದ್ದು 1991ರ ಜನವರಿಯಲ್ಲಿ. ಅಷ್ಟರಲ್ಲಿ ಈ ಸರಣಿ ಮುಗಿದಿತ್ತು. ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಕೂಡ ಆಗ ಬ್ಯಾಂಡ್ ಬಿಟ್ಟಾಗಿತ್ತು.

ಕೇಳುವುದಕ್ಕೆ ಈ ಸೆಟ್ಟಿನ ಸೊಗಸು ಎಲ್ಲಿದೆ ಅಂದರೆ ಬಿ ಸೈಡುಗಳಲ್ಲಿ. ಟ್ರೂಪರ್ ಹಿಂದೆ ಬೇರೆ ಬ್ಯಾಂಡಾದ ಜೆಥ್ರೊ ಟಲ್‌ನ ‘ಕ್ರಾಸ್ ಐಡ್ ಮೇರಿ’ ಇದೆ. ಏಸಸ್ ಹೈ ಹಿಂದೆ ಇನ್ನೊಂದು ಬ್ಯಾಂಡ್ ನೆಕ್ಟಾರ್‌ನ ‘ಕಿಂಗ್ ಆಫ್ ಟ್ವೈಲೈಟ್’ ಇದೆ. ರನ್ ಟು ದ ಹಿಲ್ಸ್ ಹಿಂದೆ ‘ಟೋಟಲ್ ಎಕ್ಲಿಪ್ಸ್’ ಇದೆ. ಇದನ್ನು ಆಲ್ಬಂಗೆ ಹಾಕದೆ ‘ಗ್ಯಾಂಗ್‌ಲ್ಯಾಂಡ್’ ಹಾಕಿದ್ದು ತಪ್ಪಾಯಿತು ಅಂತ ಬ್ಯಾಂಡ್ ಕಟ್ಟಿದ ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಅವರೇ ಹೇಳಿದ್ದಾರೆ. 6ನೇ ಭಾಗದಲ್ಲಿ ‘ಮಿಷನ್ ಫ್ರಮ್ ಆ್ಯರಿ’ ಅಂತ ಒಂದಿದೆ. ಅದು ಹಾಡೇ ಅಲ್ಲ. ಒಂದು ಕಾರ್ಯಕ್ರಮದ ನಂತರ ಹ್ಯಾರಿಸ್ ಮತ್ತು ಡ್ರಮ್ಮರ್ ನಿಕೊ ಮೆಕ್‌ಬ್ರೇನ್ ಜೋರಾಗಿ ಜಗಳ ಆಡುವುದನ್ನು ಗೊತ್ತಾಗದ ಹಾಗೆ ರೆಕಾರ್ಡ್ ಮಾಡಿದ್ದು! ಅದನ್ನೇ ಬಿ ಸೈಡಿಗೆ ಹಾಕಿಬಿಟ್ಟರು.

ಇದಲ್ಲದೆ ಪ್ರತಿ ಭಾಗದ ಕೊನೆಗೂ ‘ಲಿಸನ್ ವಿತ್ ನಿಕೊ’ ಅನ್ನುವ ಮಾತಿನ ತುಣುಕು ಇದೆ. ಮೆಕ್‌ಬ್ರೇನ್ ಆಯಾ ಸಿಂಗಲ್ಲಿನ ಕತೆಗಳನ್ನು ತಮ್ಮ ತಮಾಷೆಯ ಧಾಟಿಯಲ್ಲಿ ಹೇಳುತ್ತಾ ಹೋಗುತ್ತಾರೆ. ಮೂಲ ಸಿಂಗಲ್‌ಗಳಲ್ಲಿ ಇದು ಇರಲಿಲ್ಲ. ಹಳೆಯ ಸಿಂಗಲ್‌ಗಳೆಲ್ಲ ಇದ್ದರೂ ಜನ ಈ ಸೆಟ್ ಹುಡುಕುವುದಕ್ಕೆ ಇದೂ ಒಂದು ಕಾರಣ.

4. ಗ್ರೇಡ್ ಓದಲು ಕಲಿಯಿರಿ

ಹಳೆಯ ರೆಕಾರ್ಡಿನ ಸ್ಥಿತಿ ಹೇಳಲು ಮಾರುವವರು ಬಳಸುವ ಮಾತುಗಳೇ ಗ್ರೇಡ್. ಇದರಲ್ಲಿ ಎರಡು ಪದ್ಧತಿ ಇವೆ. ಎರಡೂ ಗೊತ್ತಿರಬೇಕು, ಯಾಕೆಂದರೆ ಈ ಸೆಟ್ ಮಾರುವವರಲ್ಲಿ ಬ್ರಿಟನ್ನಿನವರೇ ಹೆಚ್ಚು.

ಅಮೆರಿಕದ ಗೋಲ್ಡ್‌ಮೈನ್ ಪದ್ಧತಿಯಲ್ಲಿ ಮೇಲಿನಿಂದ ಕೆಳಕ್ಕೆ ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಅಂತ ಇಳಿಯುತ್ತದೆ. ರೆಕಾರ್ಡುಗಳನ್ನು ಕೊಳ್ಳುವ ಮಾರುವ ಡಿಸ್ಕಾಗ್ಸ್ ತಾಣದಲ್ಲಿ ನಡೆಯುವುದು ಇದೇ. ಬ್ರಿಟನ್ನಿನ ಹಳೆಯ ವ್ಯಾಪಾರಿಗಳು ಮಿಂಟ್, ಎಕ್ಸಲೆಂಟ್, ವೆರಿ ಗುಡ್, ಗುಡ್ ಅನ್ನುತ್ತಾರೆ. ಅವರ ಎಕ್ಸಲೆಂಟ್ ಅಂದರೆ ಅಮೆರಿಕದ ನಿಯರ್ ಮಿಂಟ್ ಮತ್ತು ವೆರಿ ಗುಡ್ ಪ್ಲಸ್ ನಡುವೆ ಎಲ್ಲೋ ಬರುತ್ತದೆ. ಯಾವ ಪದ್ಧತಿಯಲ್ಲಿ ಹೇಳುತ್ತಿದ್ದೀರಿ ಅಂತ ನೇರವಾಗಿ ಕೇಳಿ.

ಹೊಸಬರು ಮೋಸ ಹೋಗುವುದು ‘ಗುಡ್’ ನೋಡಿ. ಗುಡ್ ಅಂದರೆ ಚೆನ್ನಾಗಿದೆ ಅಂತ ಅಲ್ಲ. ಗೀರು, ಚಟಪಟ ಸದ್ದು, ಹರಿದ ಕವರ್ ಎಲ್ಲಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಕೊಳ್ಳಬೇಕಾದ ಸ್ಥಿತಿ ಅದು. ಈ ಸೆಟ್ಟಿಗೆ ವೆರಿ ಗುಡ್ ಪ್ಲಸ್‌ಗಿಂತ ಕೆಳಗೆ ಇಳಿಯಬೇಡಿ. ಅಂಥಾ ಅಪರೂಪದ್ದೇನೂ ಅಲ್ಲ, ಕಾದರೆ ಒಳ್ಳೆಯದು ಸಿಗುತ್ತದೆ.

ಡಿಸ್ಕಿಗೆ ಒಂದು, ಕವರಿಗೆ ಒಂದು, ಪೆಟ್ಟಿಗೆಗೆ ಇನ್ನೊಂದು ಗ್ರೇಡ್ ಇರಬೇಕು. ‘ಸೀಲ್ ಒಡೆದಿಲ್ಲ’ ಅಂತ ಹೇಳಿ ಬೆಲೆ ಏರಿಸಿದರೆ ಹುಷಾರು. ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ರೆಕಾರ್ಡುಗಳನ್ನು ಸಾಮಾನ್ಯವಾಗಿ ಪ್ಲಾಸ್ಟಿಕ್ ಸುತ್ತಿ ಮಾರುತ್ತಿರಲಿಲ್ಲ. ಮತ್ತೆ ಸುತ್ತುವ ಯಂತ್ರ ಯಾರ ಹತ್ತಿರವೂ ಇರಬಹುದು. ಅಲ್ಲದೆ ಸೀಲ್ ಇದ್ದರೆ ಒಳಗಿನ ಡಿಸ್ಕ್ ಬಾಗಿದೆಯೋ, ವೋಚರ್ ಇದೆಯೋ ನೋಡುವುದಾದರೂ ಹೇಗೆ?

‘ಒಮ್ಮೆಯೂ ಪ್ಲೇ ಮಾಡಿಲ್ಲ’ ಅನ್ನುವ ಮಾತನ್ನು ಪರೀಕ್ಷಿಸಲು ಒಂದು ಉಪಾಯ ಇದೆ. ಡಿಸ್ಕಿನ ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ತೆಳುವಾದ ಗೆರೆಗಳಿವೆಯಾ ನೋಡಿ. ಪ್ಲೇಯರಿನ ಕಡ್ಡಿಗೆ ತೂತು ಹೊಂದಿಸುವಾಗ ಆಗುವ ಗುರುತು ಅದು. ಜಾಸ್ತಿ ಇದ್ದರೆ ಜಾಸ್ತಿ ಸಲ ನುಡಿಸಿದ್ದಾರೆ ಅಂತಲೇ ಅರ್ಥ.

5. ಮಾರುವವರಿಗೆ ಕೇಳಬೇಕಾದ್ದನ್ನು ಒಂದೇ ಪತ್ರದಲ್ಲಿ ಕೇಳಿ

ಹತ್ತು ಸಲ ಬರೆದರೆ ಅವರಿಗೂ ಬೇಸರ. ಈ ಫೋಟೋಗಳನ್ನು ಕೇಳಿ: ಹತ್ತೂ ಭಾಗಗಳ ಸಂಖ್ಯೆ ಕಾಣುವಂತೆ ಒಟ್ಟಿಗೆ ಇಟ್ಟದ್ದು, ಪ್ರತಿ ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದದ್ದು, ಪೆಟ್ಟಿಗೆಯ ನಾಲ್ಕೂ ಮೂಲೆ, ಪೆಟ್ಟಿಗೆಯ ಪಕ್ಕ ಒಂದು ಅಳತೆಪಟ್ಟಿ ಅಥವಾ ಅಂಗೈ.

ಅಳತೆಪಟ್ಟಿ ಯಾಕೆ? ಸಿಡಿ ಸೆಟ್ಟಿಗೂ ಪೆಟ್ಟಿಗೆ ಇತ್ತು. ಒಂದೇ ಫೋಟೋದಲ್ಲಿ ಖಾಲಿ ಜಾಗದ ಮುಂದೆ ಇಟ್ಟ ಪೆಟ್ಟಿಗೆ ಚಿಕ್ಕದೋ ದೊಡ್ಡದೋ ಗೊತ್ತಾಗುವುದಿಲ್ಲ. ಖಾಲಿ ಪೆಟ್ಟಿಗೆ ಬೇರೆಯಾಗಿ ಕೊಳ್ಳುವವರಿಗಂತೂ ಇದು ಮುಖ್ಯ.

ರನ್‌ಔಟ್ ಫೋಟೋವನ್ನೂ ಕೇಳಿ. ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಇರುವ ನುಣುಪಾದ ಪಟ್ಟಿಯೇ ರನ್‌ಔಟ್. ಅದರಲ್ಲಿ ಕೊರೆದ ಅಕ್ಷರ ಅಂಕಿಗಳಿಗೆ ಮ್ಯಾಟ್ರಿಕ್ಸ್ ನಂಬರ್ ಅನ್ನುತ್ತಾರೆ. ಡಿಸ್ಕಾಗ್ಸ್‌ನಲ್ಲಿ ಆಯಾ ಮುದ್ರಣದ ಪುಟದಲ್ಲಿ ಈ ನಂಬರ್ ಇರುತ್ತದೆ, ಹೋಲಿಸಿ ನೋಡಬಹುದು. ಇದರಿಂದ ಇನ್ನೊಂದು ಲಾಭವೂ ಇದೆ. ಎರಡು ಡಿಸ್ಕಿನ ಭಾಗದಲ್ಲಿ ಯಾರಾದರೂ ಡಿಸ್ಕ್ ಅದಲುಬದಲು ಮಾಡಿಟ್ಟಿದ್ದರೆ ಕೂಡಲೇ ಸಿಕ್ಕಿಬೀಳುತ್ತದೆ. ಮೂವತ್ತೈದು ವರ್ಷದಲ್ಲಿ ಎಷ್ಟು ಪಾರ್ಟಿ, ಎಷ್ಟು ಸ್ನೇಹಿತರು! 4ನೇ ಭಾಗದ ಡಿಸ್ಕ್ 7ನೆಯದರಲ್ಲಿ ಹೋಗಿ ಕೂತಿರುವುದು ದೊಡ್ಡ ಆಶ್ಚರ್ಯವಲ್ಲ.

ಪೆಟ್ಟಿಗೆಯಿಂದ ಮುಗ್ಗಲು ವಾಸನೆ ಬರುತ್ತಾ ಅಂತಲೂ ಕೇಳಿ. ವಾಸನೆ ಫೋಟೋದಲ್ಲಿ ಕಾಣುವುದಿಲ್ಲ. ಇಂಗ್ಲೆಂಡಿನ ತೇವದ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಇದ್ದ ರಟ್ಟು ನಮ್ಮ ಮಳೆಗಾಲಕ್ಕೆ ಬಂದರೆ ಬೂಷ್ಟು ಮತ್ತೆ ಚಿಗುರುತ್ತದೆ.

6. ಬೆಲೆ ಲೆಕ್ಕ ಹಾಕುವ ಕ್ರಮ

ಮಾರುವವರು ಕೇಳುತ್ತಿರುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ. ಡಿಸ್ಕಾಗ್ಸ್‌ನಲ್ಲಿ ಪ್ರತಿ ಮುದ್ರಣಕ್ಕೂ ಹಿಂದೆ ಮಾರಾಟವಾದ ಕನಿಷ್ಠ, ನಡುವಿನ, ಗರಿಷ್ಠ ಬೆಲೆ ತೋರಿಸುತ್ತಾರೆ. ಈಬೇಯಲ್ಲಿ ‘ಮಾರಾಟವಾದವು’ ಅಂತ ಫಿಲ್ಟರ್ ಹಾಕಿ ನೋಡಬಹುದು. ಈ ಎರಡರ ಮೇಲೆ ಲೆಕ್ಕ ಹಾಕಿ. ಎರಡು ವರ್ಷದಿಂದ ಯಾರೂ ಕೊಳ್ಳದೆ ಕೂತಿರುವ ಬೆಲೆ ನೋಡಿ ‘ಮಾರ್ಕೆಟ್ ರೇಟ್ ಇಷ್ಟು’ ಅಂದುಕೊಳ್ಳಬೇಡಿ.

ಪೂರ್ತಿ ಸೆಟ್ ಒಂದೇ ಸಲ ಕೊಳ್ಳುವುದಾ, ಬಿಡಿ ಬಿಡಿಯಾಗಿ ಕೂಡಿಸುವುದಾ? ಬ್ರಿಟನ್ನಿನಲ್ಲಿ ಇರುವವರು ಬಿಡಿಯಾಗಿ ಕೂಡಿಸಲಿ, ಅದರಲ್ಲೊಂದು ಮಜಾ ಇದೆ. ರೆಕಾರ್ಡ್ ಸಂತೆಗೆ ಹೋಗಿ ಡಬ್ಬಗಳಲ್ಲಿ ಕೈಯಾಡಿಸಬಹುದು. ಇಲ್ಲಿರುವವರಿಗೆ ಅದು ಗಿಟ್ಟುವುದಿಲ್ಲ. ಹತ್ತು ಪಾರ್ಸೆಲ್‌ಗೆ ಹತ್ತು ಸಲ ಸಾಗಣೆ ಖರ್ಚು ಕೊಟ್ಟರೆ ಅದೇ ಸೆಟ್ಟಿನ ಬೆಲೆ ಮೀರಿಬಿಡಬಹುದು. ಏಳೋ ಎಂಟೋ ಭಾಗ ಮತ್ತು ಪೆಟ್ಟಿಗೆ ಒಟ್ಟಿಗೆ ಇರುವ ಲಾಟ್ ಸಿಕ್ಕರೆ ಹಿಡಿಯಿರಿ. ಉಳಿದ ಎರಡು ಮೂರು ಭಾಗ ನಿಧಾನಕ್ಕೆ ಸೇರಿಸಬಹುದು. ಪೆಟ್ಟಿಗೆ ಇಲ್ಲದ ಪೂರ್ತಿ ಸೆಟ್ ಕೊಂಡು ಆಮೇಲೆ ಪೆಟ್ಟಿಗೆ ಹುಡುಕುವುದು ಕಷ್ಟದ ದಾರಿ.

ಖರ್ಚು ಬರೆದುಕೊಳ್ಳುವ ಕ್ರಮ ಹೀಗಿರಲಿ. ಮೊದಲು ಸೆಟ್ಟಿನ ಬೆಲೆ. ಅದಕ್ಕೆ ಸಾಗಣೆ ಮತ್ತು ವಿಮೆ ಸೇರಿಸಿ. ಈ ಒಟ್ಟು ಮೊತ್ತದ ಮೇಲೆ ಕಸ್ಟಮ್ಸ್ ಸುಂಕ ಮತ್ತು ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಬೀಳುತ್ತದೆ, ಸೆಟ್ಟಿನ ಬೆಲೆಯ ಮೇಲೆ ಮಾತ್ರ ಅಲ್ಲ. ಬಹಳ ಜನ ಮರೆಯುವುದು ಇದನ್ನೇ. ಮೇಲೆ ಕೊರಿಯರ್‌ನವರ ನಿರ್ವಹಣಾ ಶುಲ್ಕ. ಕ್ರೆಡಿಟ್ ಕಾರ್ಡಿನಲ್ಲಿ ಪೌಂಡ್ ಕೊಟ್ಟರೆ ಬ್ಯಾಂಕು ಸಾಮಾನ್ಯವಾಗಿ ಶೇಕಡಾ 2ರಿಂದ 3.5ರವರೆಗೆ ವಿದೇಶಿ ವಿನಿಮಯ ಶುಲ್ಕ ಹಿಡಿಯುತ್ತದೆ. ಸುಂಕದ ದರ ಬದಲಾಗುತ್ತಿರುತ್ತದೆ. ಆರ್ಡರ್ ಹಾಕುವ ವಾರ ಕೊರಿಯರ್ ಕಂಪನಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ಪೇಪಾಲ್‌ನಲ್ಲಿ ದುಡ್ಡು ಕೊಡುವುದಾದರೆ ‘ಸರಕು ಮತ್ತು ಸೇವೆ’ ಆಯ್ಕೆಯನ್ನೇ ಒತ್ತಿ. ‘ಸ್ನೇಹಿತರು ಮತ್ತು ಕುಟುಂಬ’ ಅಂತ ಕಳಿಸಿದರೆ ಶುಲ್ಕ ಉಳಿಯುತ್ತದೆ ಅಂತ ಮಾರುವವರು ಪುಸಲಾಯಿಸಬಹುದು. ಹಾಗೆ ಕಳಿಸಿದ ದುಡ್ಡಿಗೆ ಖರೀದಿದಾರರ ರಕ್ಷಣೆ ಇಲ್ಲ. ಸೆಟ್ ಬರದಿದ್ದರೆ ದುಡ್ಡು ಹೋದಂತೆಯೇ.

7. ಪ್ಯಾಕಿಂಗ್ ಮತ್ತು ಕಸ್ಟಮ್ಸ್

12 ಇಂಚಿನ ಸಾಮಾನ್ಯ ಡಿಸ್ಕ್ 120ರಿಂದ 140 ಗ್ರಾಂ ತೂಗುತ್ತದೆ. ಇಲ್ಲಿ ಇಪ್ಪತ್ತು ಡಿಸ್ಕ್ ಇವೆ. ಕವರು, ರಟ್ಟು ಎಲ್ಲ ಸೇರಿ ನಾಲ್ಕು ಕಿಲೋ ಹತ್ತಿರ ಆಗುತ್ತದೆ. ಈ ಭಾರವನ್ನು ಮೂವತ್ತೈದು ವರ್ಷ ಹಳೆಯ ರಟ್ಟಿನ ಪೆಟ್ಟಿಗೆ ಕಪಾಟಿನಲ್ಲಿ ಹೊರಬಹುದು, ವಿಮಾನದಲ್ಲಿ ಹೊರಲಾರದು. ಆದ್ದರಿಂದ ರೆಕಾರ್ಡುಗಳನ್ನು ಪೆಟ್ಟಿಗೆಯ ಒಳಗೇ ಇಟ್ಟು ಕಳಿಸಬೇಡಿ ಅಂತ ಸ್ಪಷ್ಟವಾಗಿ ಬರೆಯಿರಿ. ಪೆಟ್ಟಿಗೆಯ ಒಳಗೆ ಥರ್ಮಕೋಲ್ ಅಥವಾ ಗುಳ್ಳೆ ಪ್ಲಾಸ್ಟಿಕ್ ತುಂಬಿ, ಅದನ್ನು ಬೇರೆಯಾಗಿ ಸುತ್ತಬೇಕು. ದುಡ್ಡು ಸ್ವಲ್ಪ ಜಾಸ್ತಿ ಆದರೂ ಇದನ್ನು ಬಿಡಬೇಡಿ.

ಡಿಸ್ಕುಗಳನ್ನು ಚಿತ್ರದ ಕವರಿನಿಂದ ಹೊರತೆಗೆದು, ಒಳಕವರಿನ ಸಮೇತ ಅದರ ಹಿಂದೆ ಇಡಲು ಹೇಳಿ. ಒಳಗೇ ಇದ್ದರೆ ಪಾರ್ಸೆಲ್ ಕೆಳಗೆ ಬಿದ್ದಾಗ ಡಿಸ್ಕಿನ ಅಂಚು ಕವರಿನ ಅಂಟನ್ನು ಬಿಚ್ಚಿಬಿಡುತ್ತದೆ. ಸಂಗ್ರಾಹಕರು ಇದಕ್ಕೆ ಸೀಮ್ ಸ್ಪ್ಲಿಟ್ ಅನ್ನುತ್ತಾರೆ. ನಿಯರ್ ಮಿಂಟ್ ಕವರ್ ಒಂದೇ ಏಟಿಗೆ ಎರಡು ಮೆಟ್ಟಿಲು ಇಳಿಯುತ್ತದೆ.

ಕಸ್ಟಮ್ಸ್‌ನಲ್ಲಿ ಕೊರಿಯರ್‌ನವರು ನಿಮ್ಮ ಗುರುತಿನ ದಾಖಲೆ ಕೇಳುತ್ತಾರೆ. ಆಧಾರ್ ಅಥವಾ ಪ್ಯಾನ್‌ನಲ್ಲಿ ಇರುವ ಹೆಸರೇ ಪಾರ್ಸೆಲ್ ಮೇಲೂ ಇರಲಿ. ‘ಗಿಫ್ಟ್’ ಅಂತ ಬರೆಸುವುದು, ಬೆಲೆ ಕಡಿಮೆ ತೋರಿಸುವುದು ಬೇಡವೇ ಬೇಡ. ಸುಳ್ಳು ಘೋಷಣೆ ಅಂತ ಪಾರ್ಸೆಲ್ ಹಿಡಿದಿಡಬಹುದು. ದಾರಿಯಲ್ಲಿ ಒಡೆದರೆ ವಿಮೆಯವರು ಕೊಡುವುದೂ ನೀವು ಬರೆಸಿದ ಆ ಕಡಿಮೆ ಬೆಲೆಯನ್ನೇ. ಇನ್‌ವಾಯ್ಸ್ ಮತ್ತು ದುಡ್ಡು ಕೊಟ್ಟ ರಸೀದಿ ಫೋನಿನಲ್ಲಿ ಸಿದ್ಧವಾಗಿರಲಿ.

ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಅಣ್ಣನೋ ಸ್ನೇಹಿತೆಯೋ ಇದ್ದಾರೆ, ಊರಿಗೆ ಬರುವಾಗ ತರುತ್ತಾರೆ ಅಂದರೆ ಒಳ್ಳೆಯದೇ. ಆದರೆ ಚೆಕ್‌ಇನ್ ಸೂಟ್‌ಕೇಸಿಗೆ ಹಾಕಬೇಡಿ ಅಂತ ಹೇಳಿ. ಕೈಚೀಲದಲ್ಲಿ ಎರಡು ಸಲಕ್ಕೆ ಬಂದರೂ ಪರವಾಗಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ತರಿಸದಿದ್ದರೆ ಇನ್ನೂ ಒಳ್ಳೆಯದು. ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ವಿನೈಲ್ ಸುಮ್ನೆ ಬಾಗಿಬಿಡುತ್ತದೆ.

8. ಬಂದ ದಿನ ಮಾಡಬೇಕಾದ್ದು

ಪಾರ್ಸೆಲ್ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ವಿಡಿಯೋ ಮಾಡಿ. ಹೊರಗಿನ ರಟ್ಟು ಜಜ್ಜಿದ್ದರೆ ಅದೂ ಕಾಣಲಿ. ಏನಾದರೂ ಹಾಳಾಗಿದ್ದರೆ ಮಾರುವವರಿಗೆ ಅದೇ ದಿನ ತಿಳಿಸಿ. ಈ ತಾಣಗಳಲ್ಲಿ ದೂರು ಕೊಡಲು ಗಡುವು ಇರುತ್ತದೆ, ‘ಮುಂದಿನ ತಿಂಗಳು ಕೇಳೋಣ’ ಅಂದರೆ ಆಗುವುದಿಲ್ಲ.

ಆಮೇಲೆ ಪ್ರತಿ ಡಿಸ್ಕನ್ನೂ ನುಡಿಸಿ ನೋಡಿ. ಇಪ್ಪತ್ತು ಡಿಸ್ಕ್ ಕೇಳಲು ಒಂದೆರಡು ರಜಾದಿನ ಬೇಕು. ಸಮಯ ಇಲ್ಲದವರಿಗೆ ಅಡ್ಡದಾರಿ ‘ಲಿಸನ್ ವಿತ್ ನಿಕೊ’. ಗಿಟಾರ್ ಅಬ್ಬರದಲ್ಲಿ ಮುಚ್ಚಿಹೋಗುವ ಚಟಪಟ ಸದ್ದು ಒಬ್ಬರೇ ಮಾತಾಡುವಾಗ ಸ್ಪಷ್ಟ ಕೇಳುತ್ತದೆ. ಆ ತುಣುಕು ಶುಭ್ರವಾಗಿದ್ದರೆ ಆ ಬದಿ ಬಹುಮಟ್ಟಿಗೆ ಶುಭ್ರ. ಉಳಿದ ಬದಿಗಳಿಗೆ ಹಾಡುಗಳ ಹಿಂದುಮುಂದಿನ ಮೌನ ಕೇಳಿ. ವೇಗ 33 ಇಡಬೇಕೋ 45 ಇಡಬೇಕೋ ಲೇಬಲ್ ಓದಿ. ಹಾಡುಗಾರ ಬ್ರೂಸ್ ಡಿಕಿನ್ಸನ್ ದನಿ ತೀರಾ ದಪ್ಪ ಕೇಳಿದರೆ ದೋಷ ಡಿಸ್ಕಿನದಲ್ಲ.

ನುಡಿಸುವ ಮುಂಚೆ ಕಾರ್ಬನ್ ಬ್ರಷ್‌ನಲ್ಲಿ ಧೂಳು ತೆಗೆಯಿರಿ. ಸೂಟ್‌ಕೇಸಿನ ಆಕಾರದ ಅಗ್ಗದ ಪ್ಲೇಯರಿನಲ್ಲಿ ಈ ಸೆಟ್ ಹಾಕಬೇಡಿ. ಅವುಗಳ ಸೂಜಿ ಸಾಮಾನ್ಯವಾಗಿ 5 ಗ್ರಾಂ ಆಸುಪಾಸಿನ ಭಾರ ಹಾಕುತ್ತದೆ. ಒಳ್ಳೆಯ (ಸೂಜಿ ಕೂರುವ) ಕಾರ್ಟ್ರಿಜ್‌ಗೆ 2 ಗ್ರಾಂ ಆಸುಪಾಸು ಸಾಕು.

9. ಇಡುವುದು ಎಲ್ಲಿ, ಹೇಗೆ

ನೆಟ್ಟಗೆ ನಿಲ್ಲಿಸಿ ಇಡಿ. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನವು ಬಾಗುತ್ತವೆ. ಹಳೆಯ ಕಾಗದದ ಒಳಕವರ್ ತೆಗೆದು ಮೂಲ ಚಿತ್ರದ ಕವರಿನ ಜೊತೆ ಕಾಪಾಡಿ, ಡಿಸ್ಕಿಗೆ ಆಂಟಿಸ್ಟಾಟಿಕ್ ಒಳಕವರ್ ಹಾಕಿ. ಹೊರಕವರ್ ಪಾಲಿಥೀನಿನದ್ದಾಗಿರಲಿ. ಗಾಜಿನಂತೆ ಮಿಂಚುವ ದಪ್ಪ ಪಿವಿಸಿ ಕವರ್ ಚಂದ ಕಂಡರೂ ಬೇಡ. ಸೆಕೆಗೆ ಅದು ಕವರಿಗೂ ಡಿಸ್ಕಿಗೂ ಅಂಟಿಕೊಂಡು ಮಬ್ಬು ಕಲೆ ಬಿಡುತ್ತದೆ.

ಬೆಂಗಳೂರು, ಮೈಸೂರಿನವರಿಗೆ ಅಷ್ಟು ಚಿಂತೆ ಇಲ್ಲ. ಮಂಗಳೂರು, ಕಾರವಾರ, ಆಗುಂಬೆ ಕಡೆಯವರು ಮಳೆಗಾಲದಲ್ಲಿ ಎಚ್ಚರ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಸಿಲಿಕಾ ಜೆಲ್ ಚೀಲಗಳನ್ನು ಇಟ್ಟು ಆಗಾಗ ಬದಲಿಸಿ. ನುಸಿಗುಳಿಗೆ ಹಾಕುವುದು ಬೇಡ, ಆ ವಾಸನೆ ರಟ್ಟಿಗೆ ಹತ್ತಿದರೆ ಹೋಗಲ್ಲ. ಅಟ್ಟದ ಮೇಲೆ, ತಗಡಿನ ಸೂರಿನ ಕೆಳಗೆ ಇಡುವುದಂತೂ ಕೇಳಲೇಬೇಡಿ. ಪೆಟ್ಟಿಗೆಯನ್ನು ಎತ್ತುವಾಗ ಅಂಚು ಹಿಡಿಯದೆ ತಳಕ್ಕೆ ಕೈ ಕೊಟ್ಟು ಎತ್ತಿ.

10. ಸೆಟ್ ಆದ ಮೇಲೆ ಏನು?

ಈ ಸೆಟ್ ಮುಗಿಸಿದವರು ಮುಂದೆ ಹೋಗುವುದು ಮೂಲ 7 ಇಂಚಿನ ಸಿಂಗಲ್‌ಗಳ ಕಡೆಗೆ. ಮೂಲ ಮುದ್ರಣಗಳ ಕವರಿನ ಮೇಲಿನ ಕಲಾವಿದ ಡೆರೆಕ್ ರಿಗ್ಸ್ ಬರೆದ ಚಿತ್ರಗಳಿಗಾಗಿಯೇ ಕೊಳ್ಳುವವರಿದ್ದಾರೆ. ಸ್ಯಾಂಕ್ಚುಅರಿಯ ಕವರಿನಲ್ಲಿ ಬಿದ್ದಿರುವ ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕಣ್ಣಿಗೆ ಕಪ್ಪು ಪಟ್ಟಿ ಇರುವುದೂ ಇದೆ, ಇಲ್ಲದ್ದೂ ಇದೆ. ಯಾವುದು ಕೊಳ್ಳುತ್ತಿದ್ದೀರಿ ಅಂತ ನೋಡಿಕೊಳ್ಳಿ. ಹಾಡು ಮಾತ್ರ ಸಾಕು ಅನ್ನುವವರಿಗೆ ಪಾರ್ಲೋಫೋನ್ ರೆಕಾರ್ಡ್ ಕಂಪನಿ 2014ರಲ್ಲಿ ಹಳೆಯ ಸಿಂಗಲ್‌ಗಳನ್ನು ಮತ್ತೆ 7 ಇಂಚಿನಲ್ಲಿ ತಂದಿದೆ. ಅವನ್ನು ಹಳೆಯವೆಂದು ಹೇಳಿ ಮಾರುವವರಿದ್ದಾರೆ. ಲೇಬಲ್ಲಿನ ಅಂಚಿನಲ್ಲಿ ಸಣ್ಣದಾಗಿ ಮುದ್ರಿಸಿದ ಇಸವಿ ಓದಿದರೆ ತಿಳಿಯುತ್ತದೆ.

ಮೇಡನ್ ಜಪಾನ್‌ನ ವೆನೆಜುವೆಲಾ ಮುದ್ರಣ, ಅಂದರೆ ಬ್ಯಾಂಡಿನ ಲಾಂಛನವಾದ ಭೂತ ಎಡ್ಡಿಯ ಕೈಯಲ್ಲಿ ಆಗಿನ ಹಾಡುಗಾರ ಪಾಲ್ ಡಿಯಾನೊ ತಲೆ ಇರುವ ಕವರ್, ‘ನನ್ನ ಹತ್ತಿರ ಇದೆ’ ಎಂದು ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಅದು ನಕಲಿ ಅಂತಲೇ ಅಂದುಕೊಂಡು ಮಾತು ಶುರು ಮಾಡಿ. 1979ರ ‘ದ ಸೌಂಡ್‌ಹೌಸ್ ಟೇಪ್ಸ್’ ವಿಷಯವೂ ಹಾಗೇ. ಬ್ಯಾಂಡೇ 5000 ಪ್ರತಿ ಮಾಡಿಸಿ ಅಂಚೆಯಲ್ಲಿ ಮಾರಿದ ಮೂರು ಹಾಡಿನ 7 ಇಂಚು ಅದು. ಅದರ ನಕಲು ದಶಕಗಳಿಂದ ತಿರುಗುತ್ತಿದೆ, ಕೆಲವು ನೋಡಲು ಮೂಲದಂತೆಯೇ ಇವೆ. ರನ್‌ಔಟ್ ಫೋಟೋ ಕೊಡಲು ಒಲ್ಲೆ ಅನ್ನುವವರಿಂದ ಅದನ್ನು ಕೊಳ್ಳಬೇಡಿ. ಕೊಟ್ಟರೂ ಆ ಮ್ಯಾಟ್ರಿಕ್ಸನ್ನು ಮೂಲದ್ದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ, ಹಳೆಯ ಸಂಗ್ರಾಹಕರೊಬ್ಬರಿಗೆ ಫೋಟೋ ತೋರಿಸಿ, ಆಮೇಲೆ ದುಡ್ಡು ಕಳಿಸಿ.